ದೊಡ್ಡ ಬೋರ್ ಕೇಳುವ ಲೈಸೆನ್ಸ್‌ದಾರರಿಗೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ರಿವಾಲ್ವರ್ ಲೈಸೆನ್ಸ್‌ದಾರ ಬಂಧುಗಳೇ,

ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದವನು. ಗುಂಡು ಹಾರಿಸುವವರು ಬೇರೆ, ಹಾರಿಸುವ ಹತ್ಯಾರವನ್ನು ಕೆಲಸಕ್ಕೆ ಬರುವಂತೆ ಇಡುವವರು ಬೇರೆ. ನಾನು ಎರಡನೆಯ ಜಾತಿಯವನು. ಕೋತ್‌ನ, ಅಂದರೆ ಪಲ್ಟನ್ನಿನ ಹತ್ಯಾರದ ಕೋಣೆಯ, ಕಬ್ಬಿಣದ ಬಾಗಿಲ ಹಿಂದೆ ಎಣ್ಣೆ, ಚಿಂದಿ, ಸ್ಕ್ರೂಡ್ರೈವರುಗಳ ನಡುವೆ ನನ್ನ ನೌಕರಿ ಮುಗಿಯಿತು. ನಿವೃತ್ತನಾಗಿ ಮುಧೋಳಕ್ಕೆ ಬಂದ ಮೇಲೆ ನಿಮ್ಮಲ್ಲಿ ಹಲವರು ಮನೆಗೆ ಬರುತ್ತೀರಿ. ಟವೆಲಿನಲ್ಲಿ ಸುತ್ತಿದ ರಿವಾಲ್ವರನ್ನು ಕಟ್ಟೆಯ ಮೇಲೆ ಇಟ್ಟು, ಇದನ್ನೊಂದಿಷ್ಟು ನೋಡ್ರಿ ಅನ್ನುತ್ತೀರಿ. ನಾನು ನೋಡುತ್ತೇನೆ, ಕಂಡದ್ದನ್ನು ಹೇಳುತ್ತೇನೆ, ಅಷ್ಟೇ. ಸ್ಕ್ರೂ ಬಿಚ್ಚುವುದಿಲ್ಲ. ಶಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ದುರಸ್ತಿಗೆ ಬೇರೆಯದೇ ಲೈಸೆನ್ಸ್ ಬೇಕು, ಅದು ನನ್ನ ಬಳಿ ಇಲ್ಲ. ಒಬ್ಬೊಬ್ಬರಿಗೆ ಹೇಳುತ್ತ ಬಂದದ್ದನ್ನು ಎಲ್ಲರಿಗೂ ಒಮ್ಮೆ ಬರೆದು ತಿಳಿಸುವುದು ಒಳ್ಳೆಯದೆನಿಸಿತು.

ಮೊದಲಿಗೆ ನಿಮ್ಮ ಒಂದು ತಕರಾರನ್ನೇ ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದನ್ನು ಕೇಳದ ವಾರವಿಲ್ಲ. "ಇದರಾಗ ದಮ್ ಇಲ್ರೀ. ಪಾಯಿಂಟ್ ಮೂವತ್ತೆರಡು ಅಂದ್ರ ಹುಡುಗೂರ ಆಟಿಗಿ. ದೊಡ್ಡ ಬೋರಿಂದು ಎಲ್ಲಿ ಸಿಗತೈತಿ ಹೇಳ್ರಿ." ಮಹಾಲಿಂಗಪುರದ ಬೆಲ್ಲದ ಅಡತಿಯವರು ಹೀಗೆ ಕೇಳಿದ್ದಾರೆ, ಬನಹಟ್ಟಿಯ ಸೀರೆ ವ್ಯಾಪಾರಿಗಳು ಕೇಳಿದ್ದಾರೆ, ಬೀಳಗಿ ಕಡೆಯ ಗುತ್ತಿಗೆದಾರರಂತೂ ಮೊಬೈಲಿನಲ್ಲಿ ಅಮೆರಿಕದ ರಿವಾಲ್ವರಿನ ಚಿತ್ರ ತೋರಿಸಿಯೇ ಕೇಳಿದ್ದಾರೆ.

ಬೋರ್ ಅಂದರೆ ನಳಿಗೆಯ ಒಳಗಿನ ಅಡ್ಡಳತೆ. .32 ಅಂದರೆ ಒಂದು ಇಂಚಿನ ನೂರು ಪಾಲಿನಲ್ಲಿ ಮೂವತ್ತೆರಡು, ಸುಮಾರು 8 ಮಿಲಿಮೀಟರ್. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇರುತ್ತಿದ್ದ ವೆಬ್ಲಿ .455ರ ಗುಂಡು ಹನ್ನೊಂದೂವರೆ ಮಿಲಿಮೀಟರ್ ದಪ್ಪ, 17 ಗ್ರಾಂ ತೂಕ. ನಿಮ್ಮ .32ರ ಗುಂಡು ಆರು ಗ್ರಾಮಿಗೆ ತುಸು ಹೆಚ್ಚು. ದೊಡ್ಡದು ದೊಡ್ಡದೇ, ಅದರಲ್ಲಿ ವಾದವಿಲ್ಲ. ಆದರೆ ಮೊದಲ ವೆಬ್ಲಿ ಬ್ರಿಟಿಷ್ ಸೇನೆಗೆ ಬಂದದ್ದು 1887ರಲ್ಲಿ. ಮೊದಲ ಮಹಾಯುದ್ಧದ ಕಾಲದ ಆರನೇ ಮಾರ್ಕ್ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಒಂದು ಕೈಯಲ್ಲಿ ಹಿಡಿದು ಗುರಿ ಇಡಲು ಸಿಪಾಯಿಗಳಿಗೇ ಬಹಳ ತಾಲೀಮು ಬೇಕಾಗುತ್ತಿತ್ತು. ಅದೇ ಸೇನೆ 1932ರಲ್ಲಿ ದೊಡ್ಡ ಬೋರನ್ನು ಬಿಟ್ಟು ಎನ್‌ಫೀಲ್ಡ್ .38ಕ್ಕೆ ಇಳಿಯಿತು. ಹಗುರಾದದ್ದನ್ನು ಕಡಿಮೆ ತಾಲೀಮಿನವನೂ ಗುರಿಗೆ ಹೊಡೆಯಬಲ್ಲ ಎಂಬುದೇ ಕಾರಣ. ಯುದ್ಧಕ್ಕೆ ಹೋಗುವವರೇ ಹಾಗೆ ಲೆಕ್ಕ ಹಾಕಿದ ಮೇಲೆ, ವರ್ಷಕ್ಕೆ ಒಂದು ಗುಂಡೂ ಹಾರಿಸದ ನಮಗೆ .455 ಯಾಕೆ ಬೇಕು?

ಇನ್ನು ಕಾನೂನು. .380 ಮತ್ತು .455ರ ತೋಟಾ ಹೊಕ್ಕು ಹಾರುವ ರಿವಾಲ್ವರುಗಳೆಲ್ಲ ನಿಷೇಧಿತ ಬೋರ್. ಅವುಗಳ ಲೈಸೆನ್ಸ್ ನವನಗರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವುದಿಲ್ಲ. ದಿಲ್ಲಿಯ ಗೃಹ ಮಂತ್ರಾಲಯವೇ ಕೊಡಬೇಕು, ಅದೂ ಜೀವಕ್ಕೆ ದೊಡ್ಡ ಬೆದರಿಕೆ ಇದ್ದವರಿಗೆ ಅಳೆದು ಸುರಿದು. ಹೊರದೇಶದ ಹತ್ಯಾರಗಳು ಸಾಮಾನ್ಯ ಲೈಸೆನ್ಸ್‌ದಾರರಿಗೆ ಬರುವುದು 1980ರ ದಶಕದಲ್ಲೇ ನಿಂತಿದೆ. ಆದ್ದರಿಂದ "ನಾ ನಿಮಗ ದೊಡ್ಡ ಬೋರಿಂದು ತಂದು ಕೊಡ್ತೀನಿ" ಎಂದು ಯಾವನಾದರೂ ಹೇಳಿದರೆ ಅವನು ಕಳ್ಳ ಮಾಲು ಮಾರುತ್ತಿದ್ದಾನೆ ಎಂದೇ ಅರ್ಥ. ಕೊಟ್ಟವನು ಹೇಗೋ ಪಾರಾಗುತ್ತಾನೆ, ಜೈಲು ನೋಡುವವರು ನೀವು.

ಅಮೆರಿಕದ ಮಾತೂ ಒಂದು ಹೇಳಿಬಿಡುತ್ತೇನೆ. ನೀವು ಮೊಬೈಲಿನಲ್ಲಿ ತೋರಿಸುವ .44 ಮ್ಯಾಗ್ನಮ್ ಹುಟ್ಟಿದ್ದು 1955ರಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ಬರೆದು, ಕಂಪನಿಗಳ ಬೆನ್ನು ಹತ್ತಿದವನು ಐಡಾಹೊ ಸೀಮೆಯ ಎಲ್ಮರ್ ಕೀತ್ ಎಂಬ ದನಗಾಹಿ, ಬೇಟೆಗಾರ, ಬರಹಗಾರ. ಅಲ್ಲಿ ಕರಡಿ ಇದೆ, ಎಲ್ಕ್ ಇದೆ, ಹತ್ತಾರು ಮೈಲಿ ಜನವಿಲ್ಲದ ಗುಡ್ಡವಿದೆ. ಅಲ್ಲಿಯವರು ಮನೆಯಲ್ಲೇ ಸೀಸ ಕರಗಿಸಿ, ಮದ್ದು ತೂಗಿ, ತೋಟಾ ತುಂಬಿಕೊಳ್ಳುತ್ತಾರೆ. ಈ ಕೀತ್ ತರುಣನಾಗಿದ್ದಾಗ ಹಳೆಯ .45 ಕೋಲ್ಟಿಗೆ ಅದು ತಾಳುವುದಕ್ಕಿಂತ ಹೆಚ್ಚು ಮದ್ದು ಹಾಕಿ ಸಿಲಿಂಡರನ್ನೇ ಸಿಡಿಸಿಕೊಂಡವನು. ಆಮೇಲೆಯೇ ಅವನು ಸಿಲಿಂಡರಿನ ಗೋಡೆ ದಪ್ಪವಾಗಿರುವ .44ರ ಕಡೆ ತಿರುಗಿದ್ದು. ಅಷ್ಟು ಬಲ್ಲವನಿಗೇ ಹಾಗಾಯಿತು. ನಮ್ಮಲ್ಲಿ ಮನೆಯಲ್ಲಿ ತೋಟಾ ತುಂಬಲು ನಿಮ್ಮ ಲೈಸೆನ್ಸ್ ಅವಕಾಶ ಕೊಡುವುದಿಲ್ಲ. ಆ ಪ್ರಯೋಗವೇ ಬೇಡ. ಕೀತನಿಂದ ಕಲಿಯಬೇಕಾದದ್ದು ಒಂದಿದ್ದರೆ ಅದು ಇಷ್ಟೇ: ಗಟ್ಟಿ ರಿವಾಲ್ವರ್ ಎಂದರೆ ತನ್ನ ತೋಟಾದ ಒತ್ತಡವನ್ನು ಆರಾಮಾಗಿ ತಾಳಿಕೊಂಡು ದಶಕಗಟ್ಟಲೆ ಬಾಳುವ ರಿವಾಲ್ವರ್. ಆ ಲೆಕ್ಕದಲ್ಲಿ ಒಳ್ಳೆಯ .32 ಯಾವ ದೊಡ್ಡ ಬೋರಿಗೂ ಕಡಿಮೆಯಲ್ಲ. ಅದರ ತೋಟಾದ ಒತ್ತಡ ಕಡಿಮೆ. ಸರಿಯಾಗಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಹೊಸದು ಬೇಕೆಂದರೆ ಆಯ್ಕೆ ಬಹಳ ಇಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರೇ ನಮ್ಮ ಭಾಗದಲ್ಲಿ ಹೆಚ್ಚು. ಹಳೆಯ ವೆಬ್ಲಿಯ ಮಾದರಿಯದು, ನಡು ಬಾಗಿಸಿದಂತೆ ತೆರೆಯುತ್ತದೆ, ಆರು ತೋಟಾ. 2014ರಲ್ಲಿ ಬಂದ ನಿರ್ಭೀಕ್ ಅದರ ಹಗುರಾದ ತಮ್ಮ. ಟೈಟಾನಿಯಂ ಮಿಶ್ರಲೋಹದ ಮೈ, ಅರ್ಧ ಕಿಲೋ ತೂಕ, ಆಗಲೇ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಬೆಲೆ. ಹೆಣ್ಣುಮಕ್ಕಳಿಗೆಂದು ಹೇಳಿ ಮಾರಿದರು. ನನ್ನ ಅಭಿಪ್ರಾಯ ಕೇಳಿದರೆ, ಹಗುರಾದಷ್ಟೂ ಕೈಯಲ್ಲಿ ಹೆಚ್ಚು ಕುಪ್ಪಳಿಸುತ್ತದೆ. ಹೊರುವುದಕ್ಕೆ ಸುಖ, ಹಾರಿಸುವುದಕ್ಕೆ ಅಲ್ಲ. 2023ರಲ್ಲಿ ಬಂದ ಪ್ರಬಲ್ ಬದಿಗೆ ತೆರೆಯುವ ಸಿಲಿಂಡರಿನದು, ತೂಕ 700 ಗ್ರಾಂ. ಉತ್ತರ ಪ್ರದೇಶದ ಸಂಡೀಲಾದಲ್ಲಿ ವೆಬ್ಲಿ ಹೆಸರಿನದೇ .32 ಈಗ ತಯಾರಾಗುತ್ತಿದೆ. ಇವುಗಳಲ್ಲಿ ನಿಮ್ಮ ಕೈಗೆ ಹೊಂದುವುದನ್ನು ಕೊಳ್ಳಿ. ಹಿಡಿ ಹಿಡಿದಾಗ ತೋರುಬೆರಳ ಮೊದಲ ಗೆಣ್ಣು ಟ್ರಿಗರಿನ ಮೇಲೆ ಸಲೀಸಾಗಿ ಕೂಡಬೇಕು, ಮಣಿಕಟ್ಟು ತಿರುಚಬಾರದು. ಬೆಲೆ, ಹೆಸರು, ಹೊಳಪು ಎಲ್ಲ ಆಮೇಲೆ.

ಹಳೆಯ ಇಂಗ್ಲಿಷ್ ಅಥವಾ ಅಮೆರಿಕನ್ .32 ಕೊಳ್ಳುವವರು ಲಕ್ಷಗಟ್ಟಲೆ ಸುರಿಯುತ್ತಾರೆ. ಆಮದು ನಿಂತ ಮೇಲೆ ಇದ್ದವೇ ಕೈಬದಲಾಗುತ್ತಿವೆ, ಬೆಲೆ ಏರದೆ ಇನ್ನೇನು. ಆದರೆ ಹೆಸರಿಗೆ ದುಡ್ಡು ಕೊಡುವ ಮೊದಲು ಇಷ್ಟು ನೋಡಿ. ತೆರೆದು ಸಿಲಿಂಡರಿನ ಆರೂ ಮನೆ ಖಾಲಿ ಇವೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಮುಚ್ಚಿ, ಹಿಡಿಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ತಿರುಗಣಿಯಲ್ಲಿ, ಮೇಲಿನ ಕೊಂಡಿಯಲ್ಲಿ ಕಟಕಟ ಎಂದರೆ ಅದು ಸವೆದಿದೆ. ಹ್ಯಾಮರನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಕೂಡುವ ಹೊತ್ತಿಗೆ ಸಿಲಿಂಡರ್ ತನ್ನ ಜಾಗದಲ್ಲಿ ಬಿಗಿಯಾಗಿ ನಿಲ್ಲಬೇಕು. ಒಂದು ಮನೆಗಲ್ಲ, ಆರೂ ಮನೆಗೆ ನೋಡಬೇಕು. ಸಿಲಿಂಡರ್ ಸರಿಯಾಗಿ ನಿಲ್ಲದಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ಹಿಂದೊಮ್ಮೆ ಗುಂಡು ಸಿಕ್ಕಿಕೊಂಡಿತ್ತು, ಅದರ ಹಿಂದೆಯೇ ಇನ್ನೊಂದನ್ನು ಹಾರಿಸಿದ್ದಾರೆ, ನಳಿಗೆ ಒಳಗೇ ಉಬ್ಬಿದೆ. ಅದನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಕಡೆಯದಾಗಿ ಸ್ಕ್ರೂಗಳ ತಲೆ ನೋಡಿ. ಗೀರು ಬಿದ್ದು ಕಿತ್ತುಹೋಗಿದ್ದರೆ ಯಾವನೋ ಮೋಟರ್ ಮೆಕ್ಯಾನಿಕ್ ಬಿಚ್ಚಿದ್ದಾನೆ ಎಂದರ್ಥ. ನಾನಾದರೆ ಮೊದಲು ನೋಡುವುದೇ ಅದನ್ನು. ಮೈಮೇಲಿನ ನಂಬರು ಕಾಗದದ ನಂಬರಿಗೆ ಕೂಡಿ ಬರುತ್ತದೆಯೇ ನೋಡುವುದನ್ನಂತೂ ಮರೆಯಬೇಡಿ.

ತೋಟಾದ ವಿಷಯದಲ್ಲಿ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಅಪಾಯವಿದೆ. .32 ಎಂಬ ಹೆಸರಿನ ತೋಟಾ ಒಂದೇ ಅಲ್ಲ. ನಿಮ್ಮ ರಿವಾಲ್ವರಿನದು .32 ಸ್ಮಿತ್ ಆಂಡ್ ವೆಸ್ಸನ್ ಲಾಂಗ್, ಉದ್ದನೆಯದು, ಹಿಂದೆ ಅಗಲವಾದ ಅಂಚು ಇರುತ್ತದೆ. ಪಿಸ್ತೂಲಿನದು .32 ಎಸಿಪಿ, ಗಿಡ್ಡನೆಯದು. ಈ ಗಿಡ್ಡ ತೋಟಾ ಕೆಲವು ರಿವಾಲ್ವರಿನ ಮನೆಯಲ್ಲಿ ಹೊಕ್ಕು ಕೂಡುತ್ತದೆ. ಹೊಕ್ಕಿತು ಎಂದ ಮಾತ್ರಕ್ಕೆ ಅದು ಅದರದಲ್ಲ. ಅಳತೆ ಬೇರೆ, ಒತ್ತಡ ಹೆಚ್ಚು. ಅಣ್ಣನ ಹತ್ತಿರ ಪಿಸ್ತೂಲು, ತಮ್ಮನ ಹತ್ತಿರ ರಿವಾಲ್ವರ್ ಇರುವ ಮನೆಗಳು ನಮ್ಮಲ್ಲಿವೆ. ಎರಡರ ತೋಟಾ ಒಂದೇ ಡಬ್ಬಿಯಲ್ಲಿ ಕಲಸಿ ಇಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೇರೆ ಬೇರೆ ಇಡಿ, ಅಂಗಡಿಯಿಂದ ಬಂದ ಪೊಟ್ಟಣದಲ್ಲೇ ಇಡಿ. ಸರ್ಕಾರಿ ತೋಟಾದ ತಳದಲ್ಲಿ ಕೆಎಫ್ ಎಂಬ ಮುದ್ರೆ ಇರುತ್ತದೆ, ಪುಣೆಯ ಖಡಕಿ ಕಾರ್ಖಾನೆಯದು ಅದು. ಮುದ್ರೆ ಓದಿ. ಲೈಸೆನ್ಸ್ ಪುಸ್ತಕದಲ್ಲಿ ಎಷ್ಟು ಇಟ್ಟುಕೊಳ್ಳಬಹುದೆಂದು ಬರೆದಿದೆಯೋ ಅದಕ್ಕಿಂತ ಒಂದೂ ಹೆಚ್ಚು ಇಡಬೇಡಿ.

ತಂದೆಯ ಕಾಲದ ತೋಟಾ ಎಂದು ಹೆಮ್ಮೆಯಿಂದ ತೋರಿಸುತ್ತೀರಿ. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ, ಮೈ ನೆಗ್ಗಿದ್ದರೆ, ಗುಂಡು ಬೆರಳಿಗೆ ಅಲುಗಾಡಿದರೆ ಅದನ್ನು ಡೀಲರ್ ಅಂಗಡಿಗೋ ಠಾಣೆಗೋ ಒಪ್ಪಿಸಿ ಬನ್ನಿ. ಹಳೆಯ ತೋಟಾ ಮಾಡುವ ಕೆಟ್ಟ ಕೆಲಸ ಎಂದರೆ ಅರೆಬರೆ ಸಿಡಿಯುವುದು. ಡಂ ಎನ್ನುವ ಬದಲು ಟುಸ್ ಎನ್ನುತ್ತದೆ, ಕೈಗೆ ಒದೆತವೇ ಬರುವುದಿಲ್ಲ. ಗುಂಡು ನಳಿಗೆಯಲ್ಲೇ ಉಳಿದಿರುತ್ತದೆ. ಆಗ ಇನ್ನೊಮ್ಮೆ ಟ್ರಿಗರ್ ಒತ್ತಿದಿರೋ, ಮೇಲೆ ಹೇಳಿದ ಕಪ್ಪು ಉಂಗುರ ಬಿದ್ದರೆ ಪುಣ್ಯ, ಇಲ್ಲವಾದರೆ ನಳಿಗೆಯೇ ಒಡೆಯುತ್ತದೆ. ಸದ್ದು ಬೇರೆಯಾಗಿ ಕೇಳಿದ ಕೂಡಲೇ ನಿಲ್ಲಿಸಿ. ಟ್ರಿಗರ್ ಒತ್ತಿ ಏನೂ ಆಗದಿದ್ದರೂ ತಕ್ಷಣ ತೆರೆಯಬೇಡಿ. ಬಾಯಿ ಸುರಕ್ಷಿತ ದಿಕ್ಕಿಗೆ ಇಟ್ಟು ಅರ್ಧ ನಿಮಿಷಕ್ಕೂ ಹೆಚ್ಚು ಕಾಯಿರಿ, ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ. ಹಳೆಯ ಕಾಲದ ಬಹಳಷ್ಟು ರಿವಾಲ್ವರುಗಳಲ್ಲಿ ಹ್ಯಾಮರಿಗೆ ಅಡ್ಡ ನಿಲ್ಲುವ ತಡೆ ಇರುವುದಿಲ್ಲ. ನೆಲಕ್ಕೆ ಬಿದ್ದರೂ ಸಾಕು, ಹಾರಬಹುದು. ಅಂಥದ್ದನ್ನು ಹೊರಬೇಕಾದಾಗ ಆರರ ಬದಲು ಐದು ತುಂಬಿ, ಹ್ಯಾಮರ್ ಕೆಳಗಿನ ಮನೆ ಖಾಲಿ ಇಡುವುದು ನೂರು ವರ್ಷದ ಪದ್ಧತಿ. ಐದು ಸಾಲದ ಜಗಳಕ್ಕೆ ಆರೂ ಸಾಲುವುದಿಲ್ಲ.

ಸಿನಿಮಾದಲ್ಲಿ ನಾಯಕ ಮಣಿಕಟ್ಟು ಜಾಡಿಸಿ ಸಿಲಿಂಡರನ್ನು ಟಪ್ಪನೆ ಮುಚ್ಚುತ್ತಾನಲ್ಲ, ಅದನ್ನು ಬಿಟ್ಟುಬಿಡಿ. ಬದಿಗೆ ತೆರೆಯುವ ರಿವಾಲ್ವರಿನಲ್ಲಿ ಸಿಲಿಂಡರನ್ನು ಹೊತ್ತ ತೋಳು ಬಾಗುತ್ತದೆ, ನಡು ಬಾಗುವ ರಿವಾಲ್ವರಿನಲ್ಲಿ ಕೊಂಡಿ ಸವೆಯುತ್ತದೆ. ಎರಡು ಕೈ ಇರುವುದೇ ಮೆಲ್ಲಗೆ ಮುಚ್ಚಲಿಕ್ಕೆ.

ಇನ್ನು ಇಡುವ ಬಗೆ. ಇಲ್ಲಿಯೇ ನನಗೆ ಹೊಟ್ಟೆ ಉರಿಯುವುದು, ಏಕೆಂದರೆ ಹಾರಿಸಿ ಕೆಟ್ಟ ರಿವಾಲ್ವರ್ ನಮ್ಮ ಭಾಗದಲ್ಲಿ ಒಂದಿದ್ದರೆ ಇಟ್ಟು ಕೆಟ್ಟವು ಹತ್ತು. ಚರ್ಮದ ಹೋಲ್‌ಸ್ಟರಿನಲ್ಲಿ ಹಾಕಿ, ಬಟ್ಟೆ ಸುತ್ತಿ, ಟ್ರೆಜರಿಯಲ್ಲಿಟ್ಟು ಬೀಗ ಹಾಕಿದರೆ ಜೋಪಾನ ಮಾಡಿದಂತಾಯಿತು ಎಂದು ತಿಳಿದಿದ್ದೀರಿ. ಚರ್ಮ ಹದಮಾಡುವಾಗ ಹಾಕಿದ ಉಪ್ಪು, ರಸಾಯನಗಳು ಅದರಲ್ಲಿ ಉಳಿದಿರುತ್ತವೆ, ಮೇಲಾಗಿ ಚರ್ಮ ನೀರು ಹೀರುತ್ತದೆ. ಕಬ್ಬಿಗೆ ವರ್ಷವಿಡೀ ನೀರು ಹಾಯಿಸುವ ಕೃಷ್ಣೆ-ಘಟಪ್ರಭೆಯ ದಂಡೆಯ ಊರುಗಳಲ್ಲಿ, ಬೀಳಗಿಯ ಹಿನ್ನೀರಿನ ಬದಿಯಲ್ಲಿ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹೋಲ್‌ಸ್ಟರ್ ಹೊರುವುದಕ್ಕೆ ಮಾತ್ರ. ಇಡುವಾಗ ಹೊರಗೆ ತೆಗೆದು, ತೆಳ್ಳಗೆ ಎಣ್ಣೆ ಸವರಿ, ಒಣ ಹತ್ತಿಬಟ್ಟೆಯಲ್ಲಿ ಇಡಿ. ತೋಟಾಗಳನ್ನೂ ಚರ್ಮದ ಬೆಲ್ಟಿನ ಕುಣಿಕೆಗಳಿಂದ ತೆಗೆಯಿರಿ. ಹಿತ್ತಾಳೆಗೆ ಹಸಿರು ಹತ್ತುವುದು ಅಲ್ಲಿಯೇ.

ಎಣ್ಣೆ ಎಂದರೆ ಕೊಬ್ಬರಿ ಎಣ್ಣೆಯಲ್ಲ. ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿದು ಒಳಗಿನ ಸ್ಪ್ರಿಂಗನ್ನು ಕಚ್ಚುತ್ತದೆ. ಗನ್ ಎಣ್ಣೆ ಸಿಗದಿದ್ದರೆ ಹೊಲಿಗೆ ಮಷಿನ್ನಿಗೆ ಹಾಕುವ ತೆಳು ಎಣ್ಣೆ ನಡೆಯುತ್ತದೆ. ಇದನ್ನು ರಬಕವಿ-ಬನಹಟ್ಟಿಯವರಿಗೆ ನಾನು ಹೇಳಬೇಕಿಲ್ಲ. ಪವರ್‌ಲೂಮಿಗೆ ಎಲ್ಲಿ ಎರಡು ಹನಿ, ಎಲ್ಲಿ ಒಂದೂ ಬೇಡ ಎಂಬುದು ನೇಕಾರರಿಗೆ ಗೊತ್ತು, ರಿವಾಲ್ವರಿಗೂ ಅದೇ ಲೆಕ್ಕ. ಎಣ್ಣೆ ಹೆಚ್ಚಾದರೆ ಸಿಲಿಂಡರಿನ ಮನೆಯೊಳಗೆ ಇಳಿದು ತೋಟಾದ ತಳದ ಟಿಕಳಿಯನ್ನು ನೆನೆಸುತ್ತದೆ, ಬೇಕಾದ ದಿನ ಅದು ಸಿಡಿಯುವುದಿಲ್ಲ. ಹಾರಿಸಿದ ದಿನವೇ ನಳಿಗೆಗೆ, ಆರೂ ಮನೆಗೆ ಬ್ರಷ್ ಆಡಿಸಿ. ಹಿತ್ತಾಳೆ ಬ್ರಷ್ ಸಾಕು, ಉಕ್ಕಿನದು ಬೇಡ. ಸೀಮೆಎಣ್ಣೆಯಿಂದ ತೊಳೆದರೆ ಪೂರ್ತಿ ಒರೆಸಿ ತೆಗೆದ ಮೇಲೆಯೇ ಎಣ್ಣೆ ಹಚ್ಚಿ.

ಖಂಡೇನವಮಿಯಂದು ರಿವಾಲ್ವರನ್ನು ಪೂಜೆಗಿಡುತ್ತೀರಿ, ಇಡಿ. ನಾವೂ ಪಲ್ಟನ್ನಿನಲ್ಲಿ ಶಸ್ತ್ರಪೂಜೆ ಮಾಡುತ್ತಿದ್ದೆವು. ಆದರೆ ತೋಟಾ ತೆಗೆದು ಇಡಿ. ಮನೆ ತುಂಬ ಮಕ್ಕಳು ಓಡಾಡುವ ದಿನ ಅದು. ನಳಿಗೆಯ ಬಾಯಿಗೆ ಕುಂಕುಮ ತುಂಬಬೇಡಿ, ಲಿಂಬೆಹಣ್ಣು ಹಿಂಡಬೇಡಿ. ಆ ಹುಳಿ ಒಂದು ರಾತ್ರಿಯಲ್ಲಿ ಉಕ್ಕಿನ ನೀಲಿ ಬಣ್ಣವನ್ನು ತಿನ್ನುತ್ತದೆ. ಅರಿಶಿಣ ಕುಂಕುಮವನ್ನು ಹಿಡಿಯ ಮೇಲೆ ಹಚ್ಚಿದರೂ ದೇವಿ ಒಪ್ಪುತ್ತಾಳೆ. ಬನ್ನಿ ಕೊಟ್ಟು ಬಂದ ಮೇಲೆ ಅದೇ ರಾತ್ರಿ ಒರೆಸಿ ಇಡಿ. ಹಬ್ಬ ಮುಗಿದ ಮೇಲೆ ಕಟ್ಟೆಗೆ ಬರುವ ರಿವಾಲ್ವರುಗಳಲ್ಲಿ ಕುಂಕುಮದ ಗಾರೆ ಕಟ್ಟಿದ ನಳಿಗೆ ಕಾಣದ ವರ್ಷವಿಲ್ಲ.

ಚುನಾವಣೆ ಬಂತೆಂದರೆ ಠಾಣೆಯಲ್ಲಿ ಜಮೆ ಮಾಡಬೇಕು. ಗೊಣಗುತ್ತ, ಕಡೆಯ ದಿನ, ಹೊಲದಿಂದ ಹಾಗೇ ಎತ್ತಿಕೊಂಡು ಹೋಗಿ ಒಪ್ಪಿಸುತ್ತೀರಿ. ಬೆವರಿನ ಬೆರಳ ಗುರುತು ಇದ್ದ ಹಾಗೆಯೇ ಅದು ತಿಂಗಳುಗಟ್ಟಲೆ ಅಲ್ಲಿ ಬಿದ್ದಿರುತ್ತದೆ. ವಾಪಸು ಬಂದಾಗ ತುಕ್ಕು ಕಂಡು ಪೊಲೀಸರ ಮೇಲೆ ಸಿಟ್ಟಾಗುತ್ತೀರಿ. ಪೊಲೀಸರು ನಿಮ್ಮ ರಿವಾಲ್ವರಿಗೆ ಎಣ್ಣೆ ಹಚ್ಚುವವರಲ್ಲ. ಜಮೆ ಮಾಡುವ ಹಿಂದಿನ ದಿನ ಸ್ವಚ್ಛ ಮಾಡಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕೊಡಿ. ನಂಬರು, ತೋಟಾದ ಲೆಕ್ಕ ಬರೆದ ರಸೀದಿ ಪಡೆಯಿರಿ. ಬ್ಯಾಂಕು, ಪೆಟ್ರೋಲ್ ಬಂಕ್ ಎಂದು ವಿನಾಯಿತಿ ಬೇಕಾದವರು ಮೊದಲೇ ಅರ್ಜಿ ಕೊಡಿ, ಅದನ್ನು ನೋಡುವ ಸಮಿತಿ ಜಿಲ್ಲೆಯಲ್ಲಿ ಇರುತ್ತದೆ.

ಎರಡು ಗಡಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ದವಾಖಾನೆಗೆಂದು ಮೀರಜಕ್ಕೆ, ವ್ಯಾಪಾರಕ್ಕೆಂದು ಸಾಂಗಲಿಗೆ, ನೆಂಟಸ್ತಿಕೆಗೆ ಜತ್ತಕ್ಕೆ ಹೋಗುವುದು ನಮಗೆ ಪಕ್ಕದ ಓಣಿಗೆ ಹೋದಷ್ಟು ಸಹಜ. ಲೈಸೆನ್ಸಿನಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ರಾಜ್ಯದ ಗಡಿ ದಾಟಿದ ಕೂಡಲೇ ನಿಮ್ಮ ಸೊಂಟದಲ್ಲಿರುವುದು ಅಕ್ರಮ ಹತ್ಯಾರ. ಇನ್ನೊಂದು ಗಡಿ ಮನೆ ಹತ್ತಿರವೇ ಇದೆ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಪ್ರದೇಶ 2016ರಿಂದ ಚಿಂಕಾರ ವನ್ಯಧಾಮ. ಅನುಮತಿ ಇಲ್ಲದೆ ಹತ್ಯಾರ ಹಿಡಿದು ಅದರೊಳಗೆ ಕಾಲಿಡುವುದೇ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಚಿಂಕಾರ ಹೊಡೆಯಲು ಹೋಗಿರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಬ್ಬಿನಲ್ಲಿ ಹಂದಿ ಹೊಕ್ಕರೆ ರಿವಾಲ್ವರ್ ಹಿಡಿದು ಓಡಬೇಡಿ. ಕತ್ತಲಲ್ಲಿ ಕಬ್ಬಿನ ಆಚೆ ಬದಿಯಲ್ಲಿ ನೀರು ಹಾಯಿಸುವವನು ಇರುತ್ತಾನೆ, ರಿವಾಲ್ವರಿನ ಗುಂಡಿಗೆ ಕಬ್ಬಿನ ಗಳ ಅಡ್ಡವಾಗುವುದಿಲ್ಲ.

ಮದುವೆ, ಜಾತ್ರೆ, ಗೆದ್ದ ಮೆರವಣಿಗೆಗಳಲ್ಲಿ ಮೇಲಕ್ಕೆ ಹಾರಿಸುವವರ ಯಾವ ಸಬೂಬೂ ನನ್ನಲ್ಲಿ ನಡೆಯುವುದಿಲ್ಲ. ಮೇಲೆ ಹೋದ ಗುಂಡು ಎಲ್ಲೋ ಕೆಳಗೆ ಬೀಳಲೇಬೇಕು. 2019ರ ತಿದ್ದುಪಡಿಯಲ್ಲಿ ಇದಕ್ಕೆಂದೇ ಕಲಮು ಬಂದಿದೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದೇ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಹತ್ಯಾರ ಎಂದಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ವಾಡೆಗಳಲ್ಲಿ, ದೇಸಾಯರ ಮನೆಗಳಲ್ಲಿ ಅಜ್ಜನ ಕಾಲದ ಹತ್ಯಾರ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ವಂಶದಿಂದ ಬಂದದ್ದೆಂದು ಲೆಕ್ಕದಿಂದ ಬಿಡುವುದಿಲ್ಲ. ಎಪ್ಪತ್ತು ವಯಸ್ಸು ತುಂಬಿದವರು, ಅಥವಾ ಇಪ್ಪತ್ತೈದು ವರ್ಷ ಹತ್ಯಾರ ಇಟ್ಟುಕೊಂಡವರು, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ದಾರಿ ಇದೆ. ತಂದೆ ತೀರಿಹೋದ ಮೇಲೆ ಅವರ ರಿವಾಲ್ವರನ್ನು ವರ್ಷಗಟ್ಟಲೆ ಟ್ರೆಜರಿಯಲ್ಲಿ ಮರೆತು, ಆಮೇಲೆ ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳುವವರ ಮುಖ ನೋಡಲಾಗುವುದಿಲ್ಲ. ಮೊದಲು ಠಾಣೆಯಲ್ಲಿ ಜಮೆ ಮಾಡಿ, ಆಮೇಲೆ ಅರ್ಜಿ ಹಾಕಿ.

ಹತ್ಯಾರದ ಮಾತು ಬಂದಾಗಲೆಲ್ಲ ನಮ್ಮ ಭಾಗದಲ್ಲಿ ಹಲಗಲಿಯ ಹೆಸರು ಬರುತ್ತದೆ. "ನಾವು ಹಲಗಲಿ ನೆಲದವರು" ಎಂದು ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳುವವರನ್ನು ನಾನೂ ಕಂಡಿದ್ದೇನೆ. 1857ರಲ್ಲಿ ಕಂಪನಿ ಸರ್ಕಾರ ಹತ್ಯಾರ ಒಪ್ಪಿಸಿ ಎಂಬ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಒಪ್ಪಲಿಲ್ಲ. ನವೆಂಬರಿನ ಕೊನೆಗೆ ಕರ್ನಲ್ ಮಾಲ್ಕಮನ ಕುದುರೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲಿ, ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ನಮ್ಮ ಮಕ್ಕಳು ಹತ್ತನೆಯ ಇಯತ್ತೆಯಲ್ಲಿ ಓದಿದ್ದಾರೆ. ಬೇಡರಿಗೆ ಹತ್ಯಾರ ಎಂದರೆ ಬೇಟೆ, ಊರಕಾವಲು, ಸೈನಿಕ ಚಾಕರಿ. ಹೊಟ್ಟೆಯೇ ಅದರ ಮೇಲೆ ನಿಂತಿತ್ತು. ಅಂಥವರ ಹತ್ಯಾರಕ್ಕೆ ತುಕ್ಕು ಹಿಡಿಯಲು ಪುರಸತ್ತು ಇರಲಿಲ್ಲ. ನಮ್ಮ ಸೊಂಟದ್ದು ಹೆಚ್ಚಾಗಿ ಪ್ರತಿಷ್ಠೆಯದು. ಅವರ ಹೆಸರನ್ನು ಅದಕ್ಕೆ ಕೂಡಿಸುವುದು ತರವಲ್ಲ.

ಕೊನೆಗೆ ಬಹಳ ಮುಖ್ಯವಾದದ್ದು, ಇದನ್ನು ಮನೆಯ ಹೆಣ್ಣುಮಕ್ಕಳೂ ಓದಲಿ. ರಿವಾಲ್ವರ್ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ ಇರಲಿ. ಕೀಲಿ ಲೈಸೆನ್ಸ್ ಇದ್ದವರ ಹತ್ತಿರವೇ ಇರಲಿ. ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಗಾದಿಯ ಗಲ್ಲಾದಲ್ಲಿ ಇಡಬೇಡಿ. ಮಕ್ಕಳಿಗೆ ಎಲ್ಲ ಜಾಗ ಗೊತ್ತಿರುತ್ತದೆ. ಕುಡಿದ ಕೈಗೆ ರಿವಾಲ್ವರ್ ಹೋಗಬಾರದು. ಸಾಲದ ಚಿಂತೆ, ಬೆಲೆ ಕುಸಿತ, ಮನೆಯ ಜಗಳದಿಂದ ಯಾರಾದರೂ ಮಂಕಾಗಿ ಕೂತಿದ್ದರೆ, ಊಟ ಬಿಟ್ಟಿದ್ದರೆ, ಆ ಹೊತ್ತಿಗೆ ರಿವಾಲ್ವರ್ ಆ ಮನೆಯಲ್ಲಿ ಇರಬಾರದು. ಚುನಾವಣೆ ಇಲ್ಲದಿದ್ದರೂ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮೆ ಇಡಬಹುದು. ನಾಚಿಕೆಪಡುವ ಕೆಲಸವಲ್ಲ ಅದು. ಮನಸ್ಸು ತಿಳಿಯಾದ ಮೇಲೆ ತಂದುಕೊಳ್ಳಿ.

ಆದ್ದರಿಂದ ಬಂಧುಗಳೇ, ಕೈಮುಗಿದು ಕೇಳಿಕೊಳ್ಳುತ್ತೇನೆ. ದೊಡ್ಡ ಬೋರಿನ ಮಾತು ಇಲ್ಲಿಗೆ ಬಿಡಿ. ಇರುವ .32ನ್ನು ಈ ಭಾನುವಾರ ಹೊರಗೆ ತೆಗೆದು, ಖಾಲಿ ಮಾಡಿ, ಬೆಳಕಿಗೆ ಹಿಡಿದು ನಳಿಗೆ ನೋಡಿ. ತೋಟಾಗಳ ತಳದ ಮುದ್ರೆ ಓದಿ. ಲೈಸೆನ್ಸಿನ ಅವಧಿ, ಏರಿಯಾ ಓದಿ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಹೆಸರು ಕೊಡಿ. ಲೈಸೆನ್ಸ್ ಹಳೆಯದಾಗಿದೆ, ನಮಗೇನು ತರಬೇತಿ ಎನ್ನಬೇಡಿ, ಹಳೆಯವರಿಗೇ ಅದು ಹೆಚ್ಚು ಬೇಕು. ಲೈಸೆನ್ಸ್ ತೆಗೆದುಕೊಂಡ ದಿನದ ಭಯ ಈಗ ಉಳಿದಿಲ್ಲವಾದರೆ, ಆಗಿನ ಹಣದ ವಸೂಲಿಯ ಜಗಳ, ಹೊಲದ ಗಡಿಯ ತಂಟೆ ಮುಗಿದಿದ್ದರೆ, ರಿವಾಲ್ವರನ್ನು ಡೀಲರಿಗೆ ಮಾರಿ, ನವನಗರಕ್ಕೆ ಹೋಗಿ ಲೈಸೆನ್ಸ್ ಒಪ್ಪಿಸಿ ಬನ್ನಿ. ಕಟ್ಟೆಗೆ ಬಂದು ನನ್ನ ಸಲಹೆ ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ನಾನು ಇದನ್ನೇ ಹೇಳಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆರ್ಮರರ್,
ಮುಧೋಳ